ಪಟ್ಟಾಡದ ಚೂರಿ

ಎರಡೂವರೆ ಸಾವಿರ ಯೂರೋ, ಅಂದಳು ಗವೀನಾ.
ಪೇಟೆಯ ದರಕ್ಕೆ ಮೂರು ಪಟ್ಟು.
ಅವಳ ಗಂಡ ಕಾಯಿಸಿ ಬಡಿದ ಕೊನೆಯ ಮಡಚುಚೂರಿ,
ಟಗರುಕೊಂಬಿನ ಹಿಡಿ,
ಇನ್ನೂ ಏನನ್ನೂ ಕೊಯ್ಯದ ಅಲಗು.

ನಾನು ಸಸ್ಸಾರಿಯಲ್ಲಿ ಬಸ್ಸು ಓಡಿಸುವವನು.
ಬಾಯಲ್ಲಿ ಚೌಕಾಸಿ, ತಲೆಯಲ್ಲಿ
ಹಲ್ಲಿನ ಡಾಕ್ಟರು, ಮನೆಬಾಡಿಗೆ, ಹೆಂಡತಿಯ ಮುಖ.
ಮುಟ್ಟದ ಮಾಲು, ಅದಕ್ಕೇ ಈ ಬೆಲೆ,
ಅಂತ ನನಗೆ ನಾನೇ.

"ಇದರಲ್ಲಿ ಏನು ಕೊಯ್ತೀಯ?"
"ಏನೂ ಇಲ್ಲ. ಗಾಜಿನ ಕಪಾಟಲ್ಲಿ ಇಡ್ತೀನಿ."

ಟಕ್ಕೆಂದು ಬಿಚ್ಚಿದಳು.
ಕುರಿಹಾಲಿನ ಚೀಸಿನ ಗಟ್ಟಿ ಸಿಪ್ಪೆಗೆ ಇಳಿಸಿಯೇಬಿಟ್ಟಳು.
ಅಲಗಿನ ಮೇಲೆ ಜಿಡ್ಡು, ಒಂದು ಬೆರಳಚ್ಚು.

ಹೋಳು ನನ್ನತ್ತ ಚಾಚಿ,
"ಈಗ ಹೇಳು."

ತಿಂದೆ.
ಬೆಲೆ ಅವಳು ಇಳಿಸಲಿಲ್ಲ,
ಇಳಿಸು ಅಂತ ನಾನೂ ಕೇಳಲಿಲ್ಲ.
ನೋಟು ಎಣಿಸಲು ಬೆರಳು ನೆಕ್ಕಿದೆ:
ಇನ್ನೂ ಉಪ್ಪು.