ಕಲಂ ಹದಿನಾಲ್ಕು

ನಿಯಮಾವಳಿ ಸಿಕ್ಕಿದ್ದು ಕಪಾಟಿನ ಕೆಳಗೆ,
ಅದರ ಗಿಡ್ಡ ಕಾಲಿಗೆ ಯಾರೋ ಮಡಚಿ ಇಟ್ಟಿದ್ದರು.
ಎಳೆದೆ. ಕಪಾಟು ವಾಲಿತು.
ಜಲಜಾಕ್ಷಿ ಟೀಚರ್ ಹಿಡಿದುಕೊಂಡೇ ಅಂದರು:
ಇಷ್ಟು ವರ್ಷದಲ್ಲಿ ಅದು ಉಪಯೋಗಕ್ಕೆ ಬಂದದ್ದು
ಇಲ್ಲಿ ಮಾತ್ರ ಮಾರಾಯ್ತಿ.

ರಕ್ಷಕ-ಶಿಕ್ಷಕ ಸಂಘ, ಇಸವಿ ಎಪ್ಪತ್ತೊಂದು.
ಸೈಕ್ಲೋಸ್ಟೈಲಿನ ನೀಲಿ ಮಸಿ,
ಒತ್ತಕ್ಷರಗಳನ್ನೆಲ್ಲ ಗೆದ್ದಲು ಓದಿ ಮುಗಿಸಿತ್ತು.
ಕಲಂ ಎರಡು: ರಕ್ಷಕ ಎಂದರೆ ತಂದೆ.
ತಂದೆ ಇಲ್ಲದಲ್ಲಿ ಅಜ್ಜ. ಅಜ್ಜ ಇಲ್ಲದಲ್ಲಿ ಸೋದರಮಾವ.

ನಾನು ಕಾರ್ಯದರ್ಶಿ, ಮೂರು ವರ್ಷದಿಂದ ರುಜು ಹಾಕುತ್ತಿದ್ದೇನೆ.
ಈ ಕಾಗದದ ಪ್ರಕಾರ ನಾನು ಇಲ್ಲ.
ಮಿಸ್ರಿಯಾ ನಕ್ಕಳು: ನಾನೂ ಇಲ್ಲ.
ಹಾಗಾದರೆ ಮೊನ್ನೆ ಪಾಯಸಕ್ಕೆ ನಲವತ್ತು ಕಾಯಿ ತುರಿದದ್ದು
ಯಾರ ಸೋದರಮಾವ?

ಶನಿವಾರ ಸಭೆ, ನಾಲ್ಕನೇ ಕ್ಲಾಸಿನಲ್ಲಿ.
ಮಕ್ಕಳ ಬೆಂಚು; ದೊಡ್ಡವರ ಮೊಣಕಾಲು ಗಲ್ಲಕ್ಕೆ ತಾಗುತ್ತದೆ.
ಕೆಂಪು ಗೀಟು ಹೊಡೆಯುತ್ತ ಬಂದೆ:
ವಂತಿಗೆ ಇಪ್ಪತ್ತೈದು ಪೈಸೆ,
ಉಪ್ಪಿಟ್ಟಿನ ರವೆ ಅಳೆಯುವ ಮೇಲ್ವಿಚಾರಕ,
ಬಾವಿಹಗ್ಗದ ಜವಾಬ್ದಾರ,
ಸ್ಲೇಟುಕಡ್ಡಿಯ ಖಜಾಂಚಿ, ಅವನಿಗೊಬ್ಬ ಸಹಾಯಕ.
ವಾಟ್ಸಪ್ ಅಡ್ಮಿನ್ನಿಗೂ ಒಂದು ಕಲಂ ಇರಲಿ ಎಂದ ಸೆವ್ರಿನ್,
ಅವನೇ ಅಡ್ಮಿನ್.
ಕಚೇರಿಗೆ ಮಲಯಾಳದ ಪ್ರತಿಯೂ ಬೇಕು.
ಅವರ ಹೆಸರಲ್ಲಿ ಅಧ್ಯಾಪಕರು ಮುಂದೆ, ನಮ್ಮದರಲ್ಲಿ ರಕ್ಷಕರು ಮುಂದೆ;
ಯಾರು ಮುಂದೆ ಎಂಬುದಕ್ಕೇ ಅರ್ಧ ಗಂಟೆ ಹೋಗಿ
ಚಹಾ ಆರಿತು.

ಕಲಂ ಹದಿನಾಲ್ಕು.
ಮಳೆಗಾಲದಲ್ಲಿ ಮಕ್ಕಳನ್ನು ಹೊಳೆ ದಾಟಿಸಲು
ಒಬ್ಬ ದಾಟಿಸುವವ ಇರತಕ್ಕದ್ದು.
ಅವನಿಗೆ ಸಮಿತಿಯಲ್ಲಿ ಸ್ಥಾನ ಇರತಕ್ಕದ್ದು.
ಮಾತನಾಡಬಹುದು. ವೋಟು ಇಲ್ಲ.

ಹೊಳೆ ಎಲ್ಲುಂಟು ಈಗ, ಅಂದರು ದೂಮಣ್ಣ ರೈ,
ಹೈವೇಯ ಅಡಿಗೆ ಪೈಪಿನೊಳಗೆ ಹೋಯಿತಲ್ಲ.
ಹೊಡೆಯಿರಿ ಗೀಟು.

ಹಿಂದಿನ ಬೆಂಚಿನಲ್ಲಿ ಒಂದು ಕೆಮ್ಮು.
ಚನಿಯಪ್ಪ. ಒಂದೂ ಸಭೆ ತಪ್ಪಿಸಿದವನಲ್ಲ.
ಶಾಲೆಯಲ್ಲಿ ಅವನ ಮೊಮ್ಮಕ್ಕಳೂ ಇಲ್ಲ,
ಚಹಾಕ್ಕೆ ಬರುತ್ತಾನೆ ಎಂದೇ ನಾವು ತಿಳಿದದ್ದು.

ಅದು ನಾನು, ಎಂದ.

ಎಪ್ಪತ್ತೊಂಬತ್ತರಲ್ಲಿ ಹೆಡ್ಮಾಷ್ಟ್ರು ಹೇಳಿದ್ದು, ನಿಲ್ಲು ಅಂತ.
ಸಾಕು ಅಂತ ಯಾರೂ ಹೇಳಲಿಲ್ಲ.
ಮಾತನಾಡಬಹುದು ಅಂತಲೂ
ಯಾರೂ ಹೇಳಲಿಲ್ಲ.

ಫ್ಯಾನು ತಿರುಗುತ್ತಿತ್ತು. ಗೋಡೆಯ ಮೇಲೆ ಕೇರಳದ ನಕ್ಷೆ,
ಅದರ ತುದಿಯಲ್ಲಿ ಯಾವುದೋ ಮಗು
ಬಂದ್ಯೋಡಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು.
ಆಗ ನನಗೆ ಕಂಡಿತು, ಬೆಳಗ್ಗೆ ಒಂಬತ್ತೂವರೆ,
ಅಂಡರ್‌ಪಾಸಿನ ಬಾಯಿ, ಮಡಚಿದ ಛತ್ರಿಯನ್ನು ಅಡ್ಡ ಚಾಚಿ
ಗ್ಯಾಸ್ ಟ್ಯಾಂಕರನ್ನು ನಿಲ್ಲಿಸಿದ ಒಂದು ಸಪೂರ ತೋಳು.
ನನ್ನ ಮಗಳು ಸಿಗ್ನಲ್ ಅಜ್ಜ ಎನ್ನುವುದು ಅವನಿಗೆ.
ನಾನು ದಿನಾ ಸ್ಕೂಟರಿನಿಂದ ತಲೆಯಾಡಿಸಿ
ಹೆಸರು ಕೇಳದೆ ಹೋಗಿದ್ದೆ.

ಹೊಳೆ ತೆಗೀರಿ ಬೇಕಾದರೆ, ಎಂದ ಚನಿಯಪ್ಪ,
ಅದು ಒಂದು ಕಡೆಯಿಂದ ಮಾತ್ರ ಬರುತ್ತಿತ್ತು.
ಇದು ಎರಡೂ ಕಡೆಯಿಂದ.

ರೈಗಳು ಕನ್ನಡಕ ಒರೆಸಿದರು, ಬಹಳ ಹೊತ್ತು.
ಪ್ರಾಯವಾಯಿತಲ್ಲ, ಅವರಿಗೆ ಆಗದ ದಿನ?
ಎಂದು ಮಿಸ್ರಿಯಾ ಕೇಳಿ, ತಾನೇ ಅಂದಳು: ಸೋಮವಾರ ನಾನು.
ಮಂಗಳವಾರಕ್ಕೆ ಕೈ ಏಳಲಿಲ್ಲ.
ಬುಧವಾರಕ್ಕೆ ಸೆವ್ರಿನ್, ಗೊಣಗುತ್ತ.
ಮಂಗಳವಾರ ಈಗಲೂ ಖಾಲಿ ಉಂಟು, ಬರೆದಿಟ್ಟಿದ್ದೇನೆ.

ಕಲಂ ಹದಿನಾಲ್ಕರಲ್ಲಿ ನಾನು ಗೀಟು ಹೊಡೆದದ್ದು
ಎರಡೇ ಪದಕ್ಕೆ: ವೋಟು ಇಲ್ಲ.
ಉಳಿದದ್ದು ಹಾಗೇ ಟೈಪಾಯಿತು, ಹೊಳೆ ಸಮೇತ.

ಕಚೇರಿಯ ಗುಮಾಸ್ತ ಪೆನ್ನಿನ ತುದಿಯಲ್ಲಿ ಕುಟ್ಟಿ ಕೇಳಿದ:
ಏದು ಪುಳ? ಇಲ್ಲಿ ಯಾವ ಹೊಳೆ?
ಒಂಬತ್ತೂವರೆಗೆ ಬನ್ನಿ ಸಾರ್, ಅಂದೆ,
ಮಂಗಳವಾರವಾದರೆ ಒಳ್ಳೆಯದು.