ಅದರ ಜನವರಿ

ಬೆಳಗಿನ ನಾಲ್ಕೂವರೆ. ಆರಾರಟ್‌ನ ಅಡುಗೆಮನೆ.
ಕಾಲಿಗೆ ಎರಡು ಜೊತೆ ಸಾಕ್ಸು, ಹೆಗಲಿಗೆ ಹೊದಿಕೆ.
ಈ ಜುಲೈಯಲ್ಲಿ ಮನೆಯೊಳಗೆ ಬೆಚ್ಚಗಿರುವುದು
ಲ್ಯಾಪ್‌ಟಾಪಿನ ಹೊಟ್ಟೆಯೊಂದೇ.

ತೊಂಬತ್ತು ಕಿಲೋಮೀಟರ್ ಆಚೆ
ಬ್ಯಾಲರಾಟ್‌ನ ಶಾಲಾಬಸ್ಸುಗಳ ಡಿಪೋ.
ಅಲ್ಲೊಂದು ಕಪಾಟು, ಕಪಾಟಿನಲ್ಲಿ ಸರ್ವರು,
ಸರ್ವರಿನಲ್ಲಿ ಇವತ್ತಿನ ಪಟ್ಟಿ:
ಯಾವ ಚಾಲಕ, ಯಾವ ಬಸ್ಸು, ಯಾವ ತಿರುವಿನ ಮಕ್ಕಳು.
ಇಬ್ಬರು ಚಾಲಕರು ರಾತ್ರಿಯೇ ಜ್ವರ ಅಂದಿದ್ದಾರೆ.
ಪಟ್ಟಿ ತಿದ್ದಬೇಕು. ಬಾಗಿಲು ತೆರೆಯುತ್ತಿಲ್ಲ.

'ಆ ಕಡೆ ಅನುಮತಿ ಇಲ್ಲದಿರಬಹುದು,
ಆ ಯಂತ್ರ ಆರಿರಬಹುದು,
ನೆಟ್‌ವರ್ಕಿನಲ್ಲಿ ಇಲ್ಲದೆಯೂ ಇರಬಹುದು.'
ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು
ಇದಕ್ಕೆ ಯಾರೋ ಚೆನ್ನಾಗಿಯೇ ಕಲಿಸಿದ್ದಾರೆ.

ವಿಪಿಎನ್ ಹಸಿರು. ಆದರೆ ಪಿಂಗ್ ಅಂತ ಕೂಗಿದರೆ
ನಾಲ್ಕು ಕೂಗಿಗೆ ನಾಲ್ಕೂ ಉತ್ತರವಿಲ್ಲ.
ಕಾರು ಹತ್ತೋಣವೆಂದರೆ ಕತ್ತಲು,
ರಸ್ತೆಯುದ್ದ ಕಾಂಗರೂಗಳು ನಿಂತಿರುವ ಹೊತ್ತು.
ಐದಕ್ಕೆ ಇಂಜಿನ್ನುಗಳನ್ನು ಬೆಚ್ಚಗೆ ಮಾಡಲು
ಮೊರೀನ್ ಪ್ಯಾಸ್ಕೋ ಬರುತ್ತಾರೆ. ಕಾದೆ.

'ನಡುರಾತ್ರಿ ಗಾಳಿಗೆ ಕರೆಂಟು ಹೋಗಿತ್ತಂತೆ.
ನಿನ್ನ ಡಬ್ಬಿ ಮಲಗಿದೆ ಕಣೇ.'
ಎಬ್ಬಿಸಿ ಅಂದೆ. ಗುಂಡಿ ಒತ್ತಿದರು.
ಫ್ಯಾನು ಗೊರಗೊರ ಎದ್ದದ್ದು ಫೋನಿನಲ್ಲೇ ಕೇಳಿಸಿತು.
ಪಿಂಗ್: ಹದಿನೆಂಟು ಮಿಲಿಸೆಕೆಂಡು. ಪಿಂಗ್: ಹದಿನೇಳು.
ಇದೆ, ಉಸಿರಾಡುತ್ತಿದೆ! ಮತ್ತೆ ಬಾಗಿಲು ತಟ್ಟಿದೆ.
ದೇವರು ಕೊಟ್ಟರೂ ಪೂಜಾರಿ ಕೊಡ:
'ನಿನ್ನ ಗಡಿಯಾರಕ್ಕೂ ಆ ಗಡಿಯಾರಕ್ಕೂ ತಾಳೆಯಾಗದು.'

'ಮೊರೀನ್, ಪರದೆಯ ಮೂಲೆಯಲ್ಲಿ ತಾರೀಖು ಎಷ್ಟಿದೆ?'
ಕನ್ನಡಕ ಹುಡುಕುವ ಸದ್ದು.
'ಒಂದನೇ ಜನವರಿ, ಎರಡು ಸಾವಿರದ ಹನ್ನೆರಡು.'
ಸ್ವಲ್ಪ ಹೊತ್ತು ಬಿಟ್ಟು,
'ಆ ವರ್ಷ ನನ್ನ ಎಡ ಮೊಣಕಾಲು ಸರಿಯಿತ್ತು.
ಹಾಗೇ ಇರಲಿ ಬಿಡು, ಆಗದೇ?'

ಆ ಜನವರಿಯಲ್ಲಿ ನಾನು
ಹುಬ್ಬಳ್ಳಿಯ ಟೈರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ.
ಈ ಊರಿನ ಹೆಸರು ಕೇಳಿರಲಿಲ್ಲ,
ಈ ಊರೂ ನನ್ನ ಹೆಸರು ಕೇಳಿರಲಿಲ್ಲ.
ಇನ್ನೂ ನೇಮಕವಾಗದವಳು
ನಸುಕಿನಲ್ಲಿ ಬಂದು ಒಳಗೆ ಬಿಡು ಅಂದರೆ
ಯಾವ ಕಾವಲುಗಾರ ತಾನೇ ಬಿಟ್ಟಾನು?
ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಪಾಸ್‌ವರ್ಡ್ ಹೇಳಬೇಕಾಯಿತು, ಅಕ್ಷರ ಅಕ್ಷರ ಬಿಡಿಸಿ:
ಗೊಜ್ಜವಲಕ್ಕಿ, ಇಂಗ್ಲಿಷಿನಲ್ಲಿ.
ಜೆ ಎರಡು, ಕೆ ಎರಡು.
'ಮಗಳ ಹೆಸರೇ?'
'ಅಲ್ಲ, ತಿಂಡಿ.'
ಕೈಗವಸಿನಲ್ಲಿ ಎರಡು ಸಲ ತಪ್ಪಿ, ಕಳಚಿ, ಮೂರನೆಯ ಸಲಕ್ಕೆ ಸರಿ.
ತಾರೀಖನ್ನು ಇವತ್ತಿಗೆ ತಂದರು,
ಒಂದೊಂದೇ ವರ್ಷ ಒತ್ತಿ ಒತ್ತಿ,
ಹದಿನಾರಕ್ಕೆ ಬಂದಾಗ ಯಾಕೋ ನಿಂತರು, ಏನೂ ಅನ್ನಲಿಲ್ಲ.
ಆಮೇಲೆ ಬೇಗ ಬೇಗ.

ನನ್ನ ಪರದೆ ಕಪ್ಪಾಯಿತು, ನೀಲಿಯಾಯಿತು,
ಡಿಪೋ ಬಂದು ಅಡುಗೆಮನೆಯಲ್ಲಿ ಕೂತಿತು.
ನಿನ್ನೆ ಸಂಜೆ ಬಿಟ್ಟ ಚೌಕದಲ್ಲೇ ಕರ್ಸರು,
ಏಳನೇ ಬಸ್ಸಿನ ಎದುರು, ಮಿಟುಕುತ್ತ.
ಆರೂಹತ್ತಕ್ಕೆ ಪಟ್ಟಿ ಗೋಡೆಗೆ ಬಿತ್ತು.
ಏಳೂ ಐದಕ್ಕೆ ಮೊದಲ ಬಸ್ಸು
ಗಾಜಿನ ಮಂಜು ಕೆರೆದುಕೊಂಡು ಹೊರಟಿತಂತೆ.

ಶನಿವಾರ ಹೋಗಿ ಡಬ್ಬಿ ಬಿಚ್ಚಿದೆ.
ತಾಯಿಹಲಗೆಯ ಮೂಲೆಯಲ್ಲಿ ನಾಣ್ಯದಷ್ಟು ಬ್ಯಾಟರಿ.
ಅಂಗಡಿ ಮುಚ್ಚಿತ್ತು. ಮೊರೀನ್ ತಮ್ಮ ಮನೆಯ
ಹಿಟ್ಟು ತೂಗುವ ತಕ್ಕಡಿಯಿಂದ ಒಂದನ್ನು ಕಿತ್ತು ತಂದರು.
ಹಳೆಯದನ್ನು ಜೇಬಿಗೆ ಹಾಕಿಕೊಂಡೆ.
ಕರೆಂಟು ಹೋದ ರಾತ್ರಿಗಳಲ್ಲೆಲ್ಲ
ಯಾರೂ ಕೇಳದಿದ್ದರೂ ತಾರೀಖು ಹಿಡಿದು ಕೂತದ್ದು
ಇಷ್ಟೇ ಇಷ್ಟು.

ಮುಂದಿನ ಗುರುವಾರ ಮೊರೀನ್ ಕೇಕು ತಂದರು.
ಹಿಟ್ಟು ಅಂದಾಜಿನದು. ನಡುವೆ ಕುಸಿದಿತ್ತು.
ಎಲ್ಲರೂ ತಿಂದೆವು.