ಇಪ್ಪತ್ತು ಮುಖದ ದಾಳ

ಕೆಮಿಯಲ್ಲಿ ಮಧ್ಯಾಹ್ನ ಎರಡಕ್ಕೇ ಕತ್ತಲು.
ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಮೇಜು ಹಾಕಿ
ನಾವು ನಾಲ್ವರು. ಆಟ ನಡೆಸುವವಳು ನಾನು,
ಅಂದರೆ ಹಿಮಗಾಳಿ, ರಾಕ್ಷಸ, ಸತ್ರದ ಮುದುಕಿ, ಎಲ್ಲ ನಾನೇ.

ಹೊಸ ಪಾತ್ರ ತನ್ನಿ ಎಂದಿದ್ದೆ.
ಏವಿ ತಂದದ್ದು ಒಬ್ಬ ಕಳ್ಳಿಯನ್ನು:
ನೆರಳು ಕದ್ದು, ಹಿಂಡಿ, ಹಗ್ಗಕ್ಕೆ ಹಾಕುತ್ತಾಳೆ;
ಒಣಗಿದ ಮೇಲೆ ಹೊದ್ದರೆ ಅವಳೇ ಅವರು.
ಹದಿನಾರರ ಹುಡುಗಿ. ಅಮ್ಮನ ಕೋಟು ತೊಟ್ಟು ಬಂದಿದ್ದಳು.

ಸಲ್ಮೆಯ ಪೂಜಾರಿಗೆ ದೇವರು ಸತ್ತು ನೂರು ವರ್ಷ;
ವರ ಮಾತ್ರ ಇನ್ನೂ ಬರುತ್ತದೆ, ತಡವಾಗಿ,
ಬೇರೆ ಯಾರದೋ ವಿಳಾಸಕ್ಕೆ.
ಅಂಚೆಯವಳಲ್ಲವೇ, ನಕ್ಕೆವು.

ಕೌಕೊ ಹಾಳೆ ಮಡಚಿಯೇ ಇಟ್ಟುಕೊಂಡಿದ್ದ.
ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ; ಈಗ ಗಿರಣಿ ಇಲ್ಲ.
"ನನ್ನ ಮಾಂತ್ರಿಕನಿಗೆ ಮಂತ್ರ ಪುಕ್ಕಟೆಯಲ್ಲ.
ಒಂದೊಂದಕ್ಕೆ ಒಂದೊಂದು ನೆನಪು ತೆರಬೇಕು:
ಕಿಡಿಗೆ ಒಂದು ಊಟ, ಬೆಳಕಿಗೊಂದು ಹಾಡು.
ಮಂತ್ರ ಹುಸಿಯಾದರೆ ನೆನಪು ವಾಪಸು."
ಲೆಕ್ಕ ಚೊಕ್ಕವಾಗಿದೆ ಎಂದೆ.

ಮೂರನೆಯ ವಾರ ಹಿಮದ ಸೇತುವೆ ಮುರಿಯಿತು.
ಪಕ್ಕದಲ್ಲಿ ಯಾರದೋ ಹಾಸಿಗೆ ಬಟ್ಟೆ ಗಡಗಡ ಸುತ್ತುತ್ತಿತ್ತು.
"ಕಟ್ಟುತ್ತೇನೆ," ಎಂದ.
ಏನು ತೆರುತ್ತೀ?
"ಕೊನೆಯ ಪಾಳಿಯ ಸೈರನ್ನಿನ ಕೂಗು."
ಮಾಂತ್ರಿಕನ ಲೋಕದಲ್ಲಿ ಸೈರನ್ನು ಇಲ್ಲ.
ನಾನು ತಿದ್ದಲಿಲ್ಲ.

ದಾಳ ಉರುಳಿತು, ಸೋಪಿನ ಡಬ್ಬಕ್ಕೆ ಬಡಿದು ನಿಂತಿತು.
ಒಂದು.

"ಇನ್ನೊಮ್ಮೆ ಹಾಕು, ನಾನು ನೋಡಿಲ್ಲ," ಎಂದೆ,
ಆಟ ನಡೆಸುವವಳು ಎಂದೂ ಆಡಬಾರದ ಮಾತು.

ಕೌಕೊ ದಾಳವನ್ನು ಜೇಬಿಗಿಟ್ಟುಕೊಂಡ.
"ನಿಯಮ ಅಂದರೆ ನಿಯಮ. ಇರಲಿ ಬಿಡು, ನನ್ನದೇ ತಾನೆ."

ಮೂವರೂ ಬಿದ್ದರು.
ಕಮರಿಯೂ ನಾನೇ;
ಆದಷ್ಟು ಮೆತ್ತಗೆ ಹಿಡಿದೆ.